‘ಇಆರ್’ ಧಾರಾವಾಹಿಯ ಆ ಒಂದು ಹೆರಿಗೆ

ಆಸ್ಪತ್ರೆಯ ಕಥೆಯಲ್ಲಿ ನೋಡುಗರನ್ನು ತುದಿಗಾಲಲ್ಲಿ ನಿಲ್ಲಿಸುವುದು ಕಷ್ಟದ ಕೆಲಸವೇನಲ್ಲ. ಆಪರೇಷನ್ ಥಿಯೇಟರಿನ ಬಾಗಿಲ ಮೇಲೆ ಕೆಂಪು ದೀಪ ಹೊತ್ತಿಸಿ, ಮನೆಮಂದಿಯನ್ನೆಲ್ಲ ಹೊರಗೆ ಸಾಲಾಗಿ ನಿಲ್ಲಿಸಿ, ಡಾಕ್ಟರ ಬಾಯಿಂದ ‘ಇಪ್ಪತ್ತನಾಲ್ಕು ಗಂಟೆ ಕಳೆಯುವವರೆಗೆ ಏನೂ ಹೇಳಲಾಗುವುದಿಲ್ಲ’ ಎಂದು ಹೇಳಿಸಿಬಿಟ್ಟರೆ ನಮ್ಮ ಸಂಜೆಯ ಧಾರಾವಾಹಿಯೊಂದು ಆರಾಮವಾಗಿ ಒಂದು ವಾರ ಓಡುತ್ತದೆ. ಒಳಗೆ ಏನಾಗುತ್ತಿದೆ ಎಂಬುದನ್ನು ಬಚ್ಚಿಟ್ಟಿರುವುದರಿಂದಲೇ ಅಲ್ಲಿ ಕುತೂಹಲ ಹುಟ್ಟುತ್ತದೆ. ಏನನ್ನೂ ಬಚ್ಚಿಡದೆ, ಖಳನೊಬ್ಬನನ್ನೂ ಕರೆತಾರದೆ, ಬಾಗಿಲನ್ನು ಪೂರ್ತಿ ತೆರೆದು ಒಳಗಿನದನ್ನೆಲ್ಲ ತೋರಿಸುತ್ತಲೇ ಉಸಿರು ಬಿಗಿಹಿಡಿಯುವಂತೆ ಮಾಡಿದ ಕಂತೊಂದರ ಬಗ್ಗೆ ಇಲ್ಲಿ ಬರೆಯುತ್ತಿದ್ದೇನೆ. ಅಮೆರಿಕದ ಎನ್‌ಬಿಸಿ ವಾಹಿನಿಯ ‘ಇಆರ್’ (ಎಮರ್ಜೆನ್ಸಿ ರೂಮ್, ಅಂದರೆ ತುರ್ತು ಚಿಕಿತ್ಸಾ ಕೊಠಡಿ) ಧಾರಾವಾಹಿಯಲ್ಲಿ 1995ರ ಮಾರ್ಚ್ 9ರಂದು ಪ್ರಸಾರವಾದ ಆ ಕಂತಿನ ಹೆಸರು ‘ಲವ್ಸ್ ಲೇಬರ್ ಲಾಸ್ಟ್’. ಕಥೆಯ ಕೊನೆಯನ್ನು ಮುಚ್ಚಿಟ್ಟು ಇದನ್ನು ಚರ್ಚಿಸಲು ಬರುವುದಿಲ್ಲ. ನೋಡಬೇಕೆಂದಿರುವವರು ನೋಡಿದ ಮೇಲೆಯೇ ಓದುವುದು ಒಳ್ಳೆಯದು.

ಶಿಕಾಗೋ ನಗರದ ಕೌಂಟಿ ಜನರಲ್ ಎಂಬ ಕಾಲ್ಪನಿಕ ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗಕ್ಕೆ ಜೋಡಿ ಓಬ್ರಯನ್ ಎಂಬ ತುಂಬು ಗರ್ಭಿಣಿ ಗಂಡನೊಡನೆ ಬರುತ್ತಾಳೆ. ಮತ್ತೆ ಮತ್ತೆ ಮೂತ್ರಕ್ಕೆ ಹೋಗಬೇಕಾಗುತ್ತಿದೆ ಎಂಬುದು ಅವಳ ದೂರು. ಗಂಡ ಹೆಂಡತಿ ಇಬ್ಬರೂ ನಗುನಗುತ್ತಲೇ ಇದ್ದಾರೆ. ಡಾ. ಮಾರ್ಕ್ ಗ್ರೀನ್ ಪರೀಕ್ಷಿಸಿ, ಮೂತ್ರಕೋಶದ ಸೋಂಕು ಎಂದು ನಿರ್ಧರಿಸಿ, ಮಾತ್ರೆ ಬರೆದುಕೊಟ್ಟು ಮನೆಗೆ ಕಳಿಸುತ್ತಾರೆ. ಆಸ್ಪತ್ರೆಯ ಆವರಣ ದಾಟುವುದರೊಳಗೆ ಅವಳಿಗೆ ಸೆಳವು ಬರುತ್ತದೆ. ಅದು ಸೋಂಕಾಗಿರಲಿಲ್ಲ, ಗರ್ಭಿಣಿಯ ರಕ್ತದೊತ್ತಡ ಏರಿ ಮೂತ್ರದಲ್ಲಿ ಪ್ರೋಟೀನ್ ಕಾಣಿಸುವ ಗರ್ಭನಂಜಾಗಿತ್ತು, ಅದೀಗ ಸೆಳವು ಬರುವ ಎಕ್ಲಾಂಪ್ಸಿಯಾ ಹಂತಕ್ಕೆ ಏರಿದೆ ಎಂಬುದು ಅವಳನ್ನು ಮರಳಿ ಒಳಗೆ ತಂದಾಗ ಗ್ರೀನ್‌ಗೆ ಹೊಳೆಯುತ್ತದೆ.

ಇಲ್ಲಿಂದ ಮುಂದಿನ ನಿರೂಪಣೆಯನ್ನು ನಾನು ಬಹುವಾಗಿ ಮೆಚ್ಚುತ್ತೇನೆ. ಒಂದೊಂದು ತೀರ್ಮಾನವನ್ನೂ ಪ್ರತ್ಯೇಕವಾಗಿ ನೋಡಿದರೆ ಅದು ಒಪ್ಪತಕ್ಕದ್ದೇ. ಸೆಳವು ಹತೋಟಿಗೆ ಬಂದಿದೆ, ಹೆರಿಗೆ ತಜ್ಞರು ಬೇರೆ ಪ್ರಕರಣಗಳಲ್ಲಿ ಸಿಕ್ಕಿಕೊಂಡಿದ್ದಾರೆ, ತಾಯಿ ಎಚ್ಚರವಾಗಿದ್ದಾಳೆ, ನೋವು ಬರಿಸಿ ಸಹಜವಾಗಿಯೇ ಹೆರಿಗೆ ಮಾಡಿಸೋಣ ಎಂದು ಗ್ರೀನ್ ಅಂದುಕೊಳ್ಳುತ್ತಾರೆ. ನಾವೂ ಹಾಗೆಯೇ ಅಂದುಕೊಳ್ಳುತ್ತೇವೆ. ಮಗುವಿನ ತಲೆ ಹೊರಬಂದ ಮೇಲೆ ಹೆಗಲು ಸಿಕ್ಕಿಕೊಳ್ಳುತ್ತದೆ. ತೊಡೆಗಳನ್ನು ಮಡಚಿ ಹಿಡಿಯುವುದು, ಕಿಬ್ಬೊಟ್ಟೆಯ ಮೇಲಿಂದ ಒತ್ತುವುದು ಮೊದಲಾದ ಉಪಾಯಗಳೆಲ್ಲ ಒಂದೊಂದಾಗಿ ಸೋತ ಮೇಲೆ, ಹೊರಬಂದ ತಲೆಯನ್ನೇ ಮತ್ತೆ ಒಳಕ್ಕೆ ತಳ್ಳಿ, ಆ ತುರ್ತು ಕೊಠಡಿಯಲ್ಲೇ ಸಿಸೇರಿಯನ್‌ಗೆ ಕೈಹಾಕಬೇಕಾಗುತ್ತದೆ. ಮಾಸು ಗರ್ಭಕೋಶದಿಂದ ಬಿಟ್ಟುಕೊಂಡಿದೆ, ರಕ್ತ ಹರಿಯುತ್ತಿದೆ, ಹರಿಯುತ್ತಿರುವ ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕಳೆದುಕೊಳ್ಳುತ್ತಿದೆ. ಗಂಡುಮಗು ಉಳಿಯುತ್ತದೆ, ತಾಯಿ ಉಳಿಯುವುದಿಲ್ಲ.

ನೋಡುಗರಿಗೆ ಎಲ್ಲ ಹಂತದಲ್ಲೂ ಗ್ರೀನ್‌ಗೆ ತಿಳಿದಷ್ಟೇ ತಿಳಿದಿರುತ್ತದೆ, ಹೆಚ್ಚಲ್ಲ, ಕಡಿಮೆಯೂ ಅಲ್ಲ. ಆದ್ದರಿಂದ ಅವರ ಆತ್ಮವಿಶ್ವಾಸದಲ್ಲಿ ನಾವೂ ಪಾಲುದಾರರಾಗುತ್ತೇವೆ, ಮಗುವನ್ನು ಹೊರತೆಗೆದ ಗಳಿಗೆಯಲ್ಲಿ ಮನಸ್ಸಿನಲ್ಲೇ ಶಹಬ್ಬಾಸ್ ಎನ್ನುತ್ತೇವೆ. ತಡವಾಗಿ ಬರುವ ಹೆರಿಗೆ ತಜ್ಞೆ ಡಾ. ಕೊಬರ್ನ್ ಕಿಡಿಕಾರಿದಾಗ ಆ ಮಾತು ಗ್ರೀನ್‌ಗೆ ತಗುಲಿದಷ್ಟೇ ನಮಗೂ ತಗುಲುತ್ತದೆ. ಮೊದಲು ಈ ವೈದ್ಯೆ ದರ್ಪದವಳು ಎನಿಸುತ್ತದೆ; ಸ್ವಲ್ಪ ಯೋಚಿಸಿದರೆ ಆ ಕೋಣೆಯಲ್ಲಿ ಸರಿಯಾದ ಮಾತಾಡುತ್ತಿರುವವಳು ಅವಳೇ ಎಂದು ಒಪ್ಪಬೇಕಾಗುತ್ತದೆ.

ಕಂತನ್ನು ಬರೆದ ಲ್ಯಾನ್ಸ್ ಜೆಂಟೈಲ್ ಸ್ವತಃ ತುರ್ತು ಚಿಕಿತ್ಸಾ ವೈದ್ಯರು, ನಿರ್ದೇಶಿಸಿದವರು ಮಿಮಿ ಲೆಡರ್. ಆ ವರ್ಷ ಬರವಣಿಗೆಗೂ ನಿರ್ದೇಶನಕ್ಕೂ ಈ ಕಂತಿಗೆ ಅಮೆರಿಕದ ಟಿವಿ ಕ್ಷೇತ್ರದ ಎಮ್ಮಿ ಪ್ರಶಸ್ತಿ ಬಂತು. ವೈದ್ಯರೊಬ್ಬರು ಬರೆದದ್ದು ಎಂಬುದು ಸಣ್ಣ ಸಣ್ಣ ವಿವರಗಳಲ್ಲಿ ಗೊತ್ತಾಗುತ್ತದೆ. ತುಂಬು ಗರ್ಭದಲ್ಲಿ ಪದೇ ಪದೇ ಮೂತ್ರಕ್ಕೆ ಹೋಗುವುದು ಸಾಮಾನ್ಯ, ಸೋಂಕಿನಲ್ಲಿಯೂ ಮೂತ್ರದಲ್ಲಿ ಸ್ವಲ್ಪ ಪ್ರೋಟೀನ್ ಕಾಣಬಹುದು. ಹೀಗಾಗಿ ಗರ್ಭನಂಜಿನ ಸೂಚನೆ ಸುಲಭವಾಗಿ ಕಣ್ತಪ್ಪುತ್ತದೆ. ನಮ್ಮ ಕರ್ನಾಟಕದ ತಾಯಿ ಕಾರ್ಡಿನಲ್ಲಿ ರಕ್ತದೊತ್ತಡಕ್ಕೂ ಮೂತ್ರ ಪರೀಕ್ಷೆಗೂ ಜಾಗ ಬಿಟ್ಟಿರುವುದು ಈ ಕಾಯಿಲೆ ಸದ್ದಿಲ್ಲದೆ ಬರುವುದರಿಂದಲೇ. ಇಪ್ಪತ್ತು ವಾರ ಕಳೆದ ಗರ್ಭಿಣಿಯಲ್ಲಿ ರಕ್ತದೊತ್ತಡ 140/90 ಮುಟ್ಟಿದರೆ ಎಚ್ಚರ ವಹಿಸಬೇಕು ಎಂಬುದನ್ನು ನಮ್ಮ ಆರೋಗ್ಯ ಕೇಂದ್ರದ ದಾದಿಯರೂ ಬಲ್ಲರು. ಕಂತು ಪ್ರಸಾರವಾದ ಮೂರೇ ತಿಂಗಳಿಗೆ, 1995ರ ಜೂನ್‌ನಲ್ಲಿ, ‘ದಿ ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾದ ಬಹುರಾಷ್ಟ್ರೀಯ ಅಧ್ಯಯನವೊಂದು, ಎಕ್ಲಾಂಪ್ಸಿಯಾ ಸೆಳವು ಮರುಕಳಿಸದಂತೆ ತಡೆಯಲು ಡಯಾಜೆಪಾಮ್, ಫೆನಿಟಾಯಿನ್ ಎಂಬ ಔಷಧಗಳಿಗಿಂತ ಮೆಗ್ನೀಷಿಯಂ ಸಲ್ಫೇಟ್ ಮೇಲು ಎಂದು ತೋರಿಸಿತು. ಅದರಲ್ಲಿ ಭಾರತದ ತಾಯಂದಿರೂ ಇದ್ದರು. ಇಷ್ಟು ಅಗ್ಗದ ಔಷಧದ ಮೇಲಿನ ವಾದ ತೀರಲು 1995ರವರೆಗೆ ಕಾಯಬೇಕಾಯಿತಲ್ಲ ಎಂಬುದು ನನಗೆ ಇಂದಿಗೂ ಸೋಜಿಗ.

ಈ ಸಾವು ಅಷ್ಟು ಬಲವಾಗಿ ತಟ್ಟಲು ಇನ್ನೊಂದು ಕಾರಣವಿದೆ. ಟಿವಿಯ ಡಾಕ್ಟರು ಎದೆ ಒತ್ತಿದರೆ ರೋಗಿ ಎದ್ದು ಕೂರುತ್ತಾನೆ ಎಂಬ ನಂಬಿಕೆ ನೋಡುಗರಲ್ಲಿ ಬೇರೂರಿತ್ತು. 1996ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದು ‘ಇಆರ್’, ‘ಶಿಕಾಗೋ ಹೋಪ್’, ‘ರೆಸ್ಕ್ಯೂ 911’ ಕಾರ್ಯಕ್ರಮಗಳ 97 ಕಂತುಗಳನ್ನು ಕೂತು ನೋಡಿ ಲೆಕ್ಕ ಹಾಕಿತು. ಪರದೆಯ ಮೇಲೆ ಸಿಪಿಆರ್ (ನಿಂತ ಹೃದಯವನ್ನು ಎದೆ ಒತ್ತಿ ಮತ್ತೆ ನಡೆಸುವ ಯತ್ನ) ಪಡೆದವರಲ್ಲಿ ಶೇ. 75 ಮಂದಿ ಆ ಕ್ಷಣಕ್ಕೆ ಬದುಕುಳಿದಿದ್ದರು. ನಿಜವಾದ ಆಸ್ಪತ್ರೆಗಳಲ್ಲಿ ಅಷ್ಟು ಮಂದಿ ಬದುಕುವುದಿಲ್ಲ. ಆದ್ದರಿಂದ ಗ್ರೀನ್ ಜೋಡಿಯ ಎದೆಯನ್ನು ಒತ್ತುತ್ತಲೇ ಇರುವ ಆ ದೀರ್ಘ ದೃಶ್ಯದಲ್ಲಿ ನಾವು ಕಾಯುತ್ತಿರುವುದು ಟಿವಿಯೇ ನಮಗೆ ರೂಢಿ ಮಾಡಿಸಿದ ಪವಾಡಕ್ಕೆ, ಮತ್ತು ಅದು ಬರುವುದಿಲ್ಲ.

ವೈದ್ಯ ಮಿತ್ರರು ಇದಕ್ಕೆ ಒಂದು ಆಕ್ಷೇಪ ಎತ್ತುವುದುಂಟು: ಇಷ್ಟೆಲ್ಲ ತೊಡಕುಗಳು ಒಬ್ಬಳೇ ಹೆಂಗಸಿಗೆ, ಒಂದೇ ದಿನ ಬರುವುದು ಅತಿಯಲ್ಲವೇ? ಅತಿಯೇ ಇರಬಹುದು. ಆದರೆ ಗರ್ಭನಂಜಿದ್ದಾಗ ಮಾಸು ಕಳಚುವ ಅಪಾಯ ಹೆಚ್ಚು, ಮಾಸು ಕಳಚಿದಾಗ ರಕ್ತದ ಹೆಪ್ಪುಗಟ್ಟುವಿಕೆ ಕೆಡಬಹುದು. ಹೆಗಲು ಸಿಕ್ಕಿಕೊಂಡದ್ದೊಂದನ್ನು ಬಿಟ್ಟರೆ ಉಳಿದ ತೊಡಕುಗಳು ಒಂದರ ಹಿಂದೊಂದು ಕಾರಣ ಹಿಡಿದೇ ಬರುತ್ತವೆ. ಆದ್ದರಿಂದ ಈ ಆಕ್ಷೇಪ ನನ್ನನ್ನು ಅಷ್ಟಾಗಿ ಕಾಡುವುದಿಲ್ಲ.

ನನ್ನನ್ನು ಕಾಡುವ ಆಕ್ಷೇಪ ಬೇರೆಯದು. ಸಾವಿನ ಸುದ್ದಿಯನ್ನು ಗಂಡನಿಗೆ ತಿಳಿಸುವ ದೃಶ್ಯವನ್ನು ಗಾಜಿನಾಚೆಯಿಂದ, ಮಾತು ಕೇಳಿಸದಂತೆ ತೋರಿಸಿರುವುದು ಶ್ರೇಷ್ಠ ನಿರ್ದೇಶನವೇ. ವೈದ್ಯ ವಿದ್ಯಾರ್ಥಿ ಕಾರ್ಟರ್ ಬಂದು, ನೀವು ಮಾಡಿದ್ದು ವೀರರ ಕೆಲಸ ಎಂಬರ್ಥದ ಮಾತಾಡಿದಾಗ ಆ ಹೊಗಳಿಕೆ ಗ್ರೀನ್‌ಗೆ ಸಮಾಧಾನ ಕೊಡುವುದಿಲ್ಲ ಎಂಬುದನ್ನೂ ಕಂತು ಪ್ರಾಮಾಣಿಕವಾಗಿ ತೋರಿಸುತ್ತದೆ. ಕೊನೆಗೆ ಅವರು ರೈಲಿನಲ್ಲಿ ಒಬ್ಬರೇ ಕುಳಿತು ಅಳುತ್ತಾರೆ. ಆದರೆ ಮೊದಲ ನಿಮಿಷಗಳಲ್ಲಿ ಅಷ್ಟು ಜೀವಂತವಾಗಿದ್ದ ಜೋಡಿ, ಕಂತಿನ ಉತ್ತರಾರ್ಧದಲ್ಲಿ ಮೇಜಿನ ಮೇಲಿನ ಒಂದು ದೇಹವಾಗಿಬಿಡುತ್ತಾಳೆ. ತನ್ನ ಹೆರಿಗೆಯ ಬಗ್ಗೆ ಅವಳಿಗೆ ಏನನ್ನಿಸುತ್ತಿತ್ತು, ಭಯವಾಗಿತ್ತೇ, ಮೊದಲು ಮನೆಗೆ ಕಳಿಸಿದ್ದರ ಬಗ್ಗೆ ಸಿಟ್ಟಿತ್ತೇ ಎಂಬುದನ್ನು ಬರಹಗಾರರು ಹೆಚ್ಚು ಕೇಳುವುದಿಲ್ಲ. ಧಾರಾವಾಹಿಯ ನಾಯಕ ಗ್ರೀನ್, ಜೋಡಿ ಒಂದು ಕಂತಿಗೆ ಬಂದ ಅತಿಥಿ ಪಾತ್ರ, ಆದ್ದರಿಂದ ದುಃಖವೂ ಗ್ರೀನ್ ಪಾಲಿಗೇ ಹೋಗುತ್ತದೆ ಎಂದು ಸಮರ್ಥಿಸಬಹುದು. ಆ ಸಮರ್ಥನೆ ಧಾರಾವಾಹಿಯ ಕಟ್ಟೋಣವನ್ನು ವಿವರಿಸುತ್ತದೆಯೇ ಹೊರತು ಕೊರತೆಯನ್ನು ತುಂಬುವುದಿಲ್ಲ. ಮುಂದೆ ಈ ಸಾವು ಮೊಕದ್ದಮೆಯಾಗಿ ಗ್ರೀನ್‌ರನ್ನು ಬೆನ್ನಟ್ಟಿ ಬರುತ್ತದೆ, ಮತ್ತು ಅಲ್ಲಿಯೂ ನಾವು ಹತ್ತಿರದಿಂದ ಕಾಣುವುದು ಅವರ ಸಂಕಟವನ್ನೇ.