ಪ್ರಶ್ನೆ ಇಟ್ಟಾಯ್ತು, ಪರಿಹಾರ ಕೇಳ್ಬೇಡಿ

ದೊಡ್ಡ ದೊಡ್ಡ ಮ್ಯೂಸಿಯಂಗಳಿಗೆಲ್ಲ ಈಗ ತಮ್ಮ ಹಿಂದಿನ ಕಾಲದ ಬಗ್ಗೆ ಭಾರೀ ಬೇಜಾರು ಶುರುವಾಗಿದೆ ಮಾರಾಯ್ರೆ. ಕಮಿಟಿ ಉಂಟು, ವರ್ಕ್‌ಶಾಪ್ ಉಂಟು, ಕನ್ಸಲ್ಟೆಂಟ್ ಉಂಟು. ಬ್ರಿಟಿಷ್ ಮ್ಯೂಸಿಯಂನವ್ರು 2020ರಲ್ಲಿ ತಮ್ಮ ಮೂಲಪುರುಷ ಹ್ಯಾನ್ಸ್ ಸ್ಲೋನ್‌ನ ಮೂರ್ತಿಯನ್ನು ಪೀಠದಿಂದ ಇಳಿಸಿ, ಗುಲಾಮರ ದುಡಿಮೆಯ ದುಡ್ಡೂ ಇವನ ಕೈಗೆ ಬಂದಿತ್ತು ಅಂತ ಬರ್ದು ಗಾಜಿನ ಕಪಾಟಿನಲ್ಲಿಟ್ರು. ಒಳ್ಳೇದಾಯ್ತು. ಮೂರ್ತಿಯ ಜಾಗ ಬದಲಾಯ್ತು, ಬೇರೆ ದೇಶಗಳಿಂದ ತಂದ ಸಾಮಾನು ಎಲ್ಲುಂಟೋ ಅಲ್ಲೇ ಉಂಟು.

ನಮ್ಮ ಕರಾವಳಿ ಕಡೆ ಇದನ್ನೇ ಅಷ್ಟಮಂಗಲ ಪ್ರಶ್ನೆ ಅಂತ ಇಡ್ತೇವಲ್ಲ, ಕುಟುಂಬಕ್ಕೆ ಯಾವ ದೋಷ ತಟ್ಟಿದೆ ಅಂತ ಜ್ಯೋತಿಷಿಗಳ ಹತ್ರ ಕೇಳೋದು. ಜೋಯಿಸರು ಕವಡೆ ಸರಿಸಿ "ನಿಮ್ಮ ಹಿರಿಯರು ಯಾರದ್ದೋ ಜಾಗ ನುಂಗಿದ್ದಾರೆ, ಆ ಮನೆಯವ್ರ ಕಣ್ಣೀರುಂಟು" ಅಂತ ಹೇಳ್ತಾರೆ, ಕುಟುಂಬದವ್ರೆಲ್ಲ ತಲೆ ತಗ್ಗಿಸ್ತಾರೆ, ಬೊಂಬಾಯಿಯಿಂದ ಬಂದ ಮಾವ ಮಾತ್ರ "ಅದಕ್ಕೆ ರೆಕಾರ್ಡ್ ಎಲ್ಲುಂಟು?" ಅಂತ ಕೇಳ್ತಾರೆ. ಆದ್ರೂ ಕೊನೆಗೆ ಪರಿಹಾರದ ಪಟ್ಟಿ ಅಂತ ಒಂದು ಬರ್ತದೆ, ತಮ್ಮತಮ್ಮೊಳಗೆ ಜಗಳ ಮಾಡ್ಕೊಂಡಾದ್ರೂ ಗಂಟು ಬಿಚ್ಚಲೇಬೇಕು. ಲಂಡನ್ನಿನವ್ರದ್ದು ಪ್ರಶ್ನೆಯಲ್ಲೇ ಮುಗೀತದೆ. ಪರಿಹಾರ ಕೇಳಿದ್ರೆ 1963ರ ಬ್ರಿಟಿಷ್ ಮ್ಯೂಸಿಯಂ ಕಾಯ್ದೆ ತೋರಿಸ್ತಾರೆ, ಸಾಮಾನು ವಾಪಸ್ ಕೊಡ್ಲಿಕ್ಕೆ ಬಹಳ ಮನಸ್ಸುಂಟಂತೆ, ಕಾನೂನು ಬಿಡೂದಿಲ್ಲ ಪಾಪ. 1897ರಲ್ಲಿ ಬ್ರಿಟಿಷ್ ಸೈನ್ಯ ಈಗಿನ ನೈಜೀರಿಯಾದಲ್ಲಿದ್ದ ಬೆನಿನ್ ರಾಜ್ಯದಿಂದ ಲೂಟಿ ಮಾಡಿದ್ರಲ್ಲಿ ತಮ್ಮ ಕೈಸೇರಿದ್ದ 20 ಸಾಮಾನನ್ನು ಜರ್ಮನಿಯವ್ರು 2022ರಲ್ಲಿ ನೈಜೀರಿಯಾಕ್ಕೆ ಹೋಗಿ ಕೊಟ್ಟು ಬಂದ್ರು, ಆಕಾಶ ಏನೂ ಬೀಳ್ಲಿಲ್ಲ.

"ನಮ್ಮಲ್ಲಿದ್ರೆ ಭದ್ರ" ಅಂತ ಬ್ರಿಟಿಷ್ ಮ್ಯೂಸಿಯಂನವ್ರು ಹೇಳೋದು ಇನ್ನೊಂದು. ಎಂಥ ಭದ್ರ! 2021ರಲ್ಲೇ ಒಬ್ಬ ಡೀಲರು ನಿಮ್ಮ ಸಾಮಾನು ಇಬೇಯಲ್ಲಿ ಮಾರಾಟಕ್ಕುಂಟು ಅಂತ ಬರ್ದು ತಿಳಿಸಿದ್ರೆ ಎಲ್ಲ ಸರಿಯಾಗುಂಟು ಅಂದ್ರು, 2023ರಲ್ಲಿ ನೋಡಿದ್ರೆ ಸುಮಾರು 2000 ಸಾಮಾನು ಕಾಣೆಯಾದ, ಕಳುವಾದ, ಹಾಳಾದ ಕಥೆ ಹೊರಗೆ ಬಂತು. ಕಾಯ್ದೆ ಮುಂದಿನ ಬಾಗಿಲಿಗೆ ಮಾತ್ರ ಅಂತ ಕಾಣ್ತದೆ.

ಅವ್ರನ್ನು ನೋಡಿ ನಗಾಡ್ಲಿಕ್ಕೆ ನಮಗೆ ಮುಖವಾದ್ರೂ ಎಲ್ಲುಂಟು? ನಮ್ಮಲ್ಲಿ ಪ್ರಶ್ನೆ ಇಡೋರೂ ಇಲ್ಲ. ದೆಹಲಿಯ ಕ್ರಾಫ್ಟ್ಸ್ ಮ್ಯೂಸಿಯಂನಲ್ಲಿರೋ, ಉಡುಪಿ ಕಡೆಯ ಮೆಕ್ಕೆಕಟ್ಟಿನ ಮರದ ಭೂತಗಳಿಗೆ ಊರಿನ ಹೆಸರಾದ್ರೂ ಉಂಟು. ಇಲ್ಲೇ ಹತ್ತಿರದ ಒಂದು ಮ್ಯೂಸಿಯಂನಲ್ಲಿ ದೈವದ ಮೊಗವನ್ನು ಮೊಳೆಗೆ ನೇತು ಹಾಕಿದ್ದಾರೆ, ಕೆಳಗೆ "ಮುಖವಾಡ, ಹಿತ್ತಾಳೆ, ದ.ಕ." ಅಂತ ಚೀಟಿ. ಅಷ್ಟೇ. ಯಾವ ಗುತ್ತಿನ, ಅಂದ್ರೆ ದೊಡ್ಡ ಮನೆತನದ, ಭಂಡಾರದ್ದು, ಭೂಸುಧಾರಣೆಯಲ್ಲಿ ಡಿಕ್ಲರೇಶನ್ ಆಗಿ ಗದ್ದೆ ಗೇಣಿಯವ್ರಿಗೆ ಹೋಗಿ ಕೈ ಖಾಲಿಯಾದಾಗ ಮಾರಿದ್ದಾ, ಯಾರೋ ಕದ್ದು ಗುಜರಿಗೆ ಹಾಕಿದ್ದಾ, ಎಷ್ಟು ಕೊಟ್ಟು ತಂದ್ರು, ಒಂದೂ ಇಲ್ಲ. ಅದನ್ನು ಮುಖಕ್ಕಿಟ್ಟು ರಾತ್ರಿಯಿಡೀ ಕುಣಿದವನ ಹೆಸರಂತೂ ಯಾರೂ ಬರ್ಕೊಳ್ಳೂದೇ ಇಲ್ಲ, ಕೋಲಕ್ಕೆ ಬೇಕು, ರಿಜಿಸ್ಟರಿಗೆ ಬೇಡ. ಸಾಕಾಗಿ ಹೋಗಿದೆ.

ಸೆಕ್ಯುರಿಟಿಯವ್ರ ಹತ್ರ ಕೇಳಿದೆ, ಇದು ಯಾವ ಊರಿನ ಮೊಗ ಅಂತ. "ಫೋಟೊ ತೆಗೀಲಿಕ್ಕಿಲ್ಲ" ಅಂದ್ರು.