ಶಾಲು ಆಮೇಲೆ ಹೊದಿಸಿ, ಮೊದಲು ಈಜುಕೊಳದ ಬಾಗಿಲು ತೆಗೆಯಿರಿ

ನಿನ್ನೆ ಸಂಜೆ ಹುಬ್ಬಳ್ಳಿಯಲ್ಲಿ ಒಂದು ಸನ್ಮಾನ ಸಮಾರಂಭಕ್ಕೆ ಹೋಗಿದ್ದೆ. ಗೋವಾದಲ್ಲಿ ಹಾಫ್ ಐರನ್‌ಮ್ಯಾನ್ ಎಂಬ ಟ್ರಯಥ್ಲಾನ್, ಅಂದರೆ ಈಜು, ಸೈಕಲ್, ಓಟ ಮೂರೂ ಸೇರಿದ ಸ್ಪರ್ಧೆ ಮುಗಿಸಿ ಬಂದ ನಮ್ಮ ಗುಂಪಿನ ಹುಡುಗನಿಗೆ ಶಾಲು, ಹಾರ, ಪೇಟ, ಹಣ್ಣಿನ ಬುಟ್ಟಿ ಎಲ್ಲವೂ ಸಾಂಗವಾಗಿ ಸಂದವು. ಮುಖ್ಯ ಅತಿಥಿಗಳು ಅವನು ಮ್ಯಾರಥಾನ್ ಗೆದ್ದು ಬಂದನೆಂದು ಮತ್ತೆ ಮತ್ತೆ ಹೇಳಿದರು. ಪಕ್ಕದಲ್ಲಿದ್ದವರು ಚೀಟಿ ದಾಟಿಸಿದ ಮೇಲೆ ‘ಟ್ರಯಥ್ಲಾನ್ ಎಂಬ ಮ್ಯಾರಥಾನ್’ ಎಂದು ತಿದ್ದಿಕೊಂಡರು. ಫ್ಲೆಕ್ಸ್‌ನಲ್ಲಿ ಹುಡುಗನ ಮುಖಕ್ಕೆ ಕೆಳಗಿನ ಮೂಲೆ ಸಿಕ್ಕಿತ್ತು, ಉಳಿದ ಜಾಗವೆಲ್ಲ ಶುಭ ಕೋರುವವರದ್ದು. ಇಷ್ಟಕ್ಕೆಲ್ಲ ಸಿಟ್ಟಾಗುವ ವಯಸ್ಸು ನನ್ನದಲ್ಲ ಎಂಬುದು ನಿಮಗೆ ಗೊತ್ತು. ಸಿಟ್ಟು ಬಂದದ್ದು ವೇದಿಕೆಯ ಎರಡನೆಯ ಸಾಲಿನಲ್ಲಿ ಕುಳಿತು ಚಪ್ಪಾಳೆ ತಟ್ಟುತ್ತಿದ್ದ ಮಹನೀಯರೊಬ್ಬರನ್ನು ಕಂಡು. ಇದೇ ಹುಡುಗ ಬೆಳಗಿನ ಐದಕ್ಕೆ ಒಂದು ತಾಸು ಈಜಲು ಅವಕಾಶ ಕೊಡಿರೆಂದು ಬರೆದುಕೊಂಡು ಹೋದ ಅರ್ಜಿಯನ್ನು, “ಒಬ್ಬನ ಸಲುವಾಗಿ ಬಾಗಲಾ ತಗಿಯಾಕ ಆಗೂದಿಲ್ಲಪಾ” ಎಂದು ಓದದೆಯೇ ಮರಳಿಸಿದವರು ಅವರು.

ಆ ಒಂದು ತಾಸಿನ ಬೆಲೆ ಏನೆಂಬುದು ವೇದಿಕೆಯ ಮೇಲಿದ್ದ ಯಾರಿಗೂ ತಿಳಿದಂತೆ ಕಾಣಲಿಲ್ಲ. ಈ ಸ್ಪರ್ಧೆಯಲ್ಲಿ 1.9 ಕಿಲೋಮೀಟರ್ ಈಜಿ, ಒದ್ದೆ ಮೈಯಲ್ಲೇ ಸೈಕಲ್ ಹತ್ತಿ 90 ಕಿಲೋಮೀಟರ್ ತುಳಿದು, ಇಳಿದ ಕೂಡಲೇ 21.1 ಕಿಲೋಮೀಟರ್ ಓಡಬೇಕು. ಸಾಮಾನ್ಯವಾಗಿ ಇಷ್ಟಕ್ಕೂ ಸೇರಿ ಎಂಟೂವರೆ ತಾಸಿನ ಗಡುವು. 25 ಮೀಟರಿನ ಕೊಳದಲ್ಲಿ 1.9 ಕಿಲೋಮೀಟರ್ ಎಂದರೆ ಈ ತುದಿಯಿಂದ ಆ ತುದಿಗೆ 76 ಸಲ. ನಮ್ಮ ಕೊಳಗಳಲ್ಲಿ ಮುಕ್ಕಾಲು ತಾಸಿಗೊಂದು ಬ್ಯಾಚು. ಹುಡುಗ ಲಯ ಹಿಡಿಯುವಷ್ಟರಲ್ಲಿ ರಬ್ಬರ್ ಟ್ಯೂಬ್ ಕಟ್ಟಿಕೊಂಡ ಚಿಕ್ಕ ಮಕ್ಕಳು ಅಡ್ಡ ಬರುತ್ತಾರೆ, ಅವರನ್ನು ತಪ್ಪಿಸಿ ಮುಂದೆ ಹೋಗುವಷ್ಟರಲ್ಲಿ ಯಾರೋ ದೊಡ್ಡವರು ನಡುಗೊಳದಲ್ಲಿ ನಿಂತು ಹರಟೆಗೆ ತೊಡಗಿರುತ್ತಾರೆ, ಅವರನ್ನು ಸುತ್ತಿ ಬರುವಷ್ಟರಲ್ಲಿ ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಹತ್ತಿಸುತ್ತಾರೆ. ಲೆಕ್ಕ ಅರ್ಧಕ್ಕೆ ನಿಂತಿರುತ್ತದೆ. ಒಂದೇ ಒಂದು ಸಾಲಿಗೆ ತೇಲುವ ಹಗ್ಗ ಕಟ್ಟಿ, ವಾರಕ್ಕೆ ಮೂರು ದಿನ ದೂರದ ಈಜಿನವರಿಗೆಂದು ಬಿಟ್ಟುಕೊಡಲು ಹಗ್ಗದ ಖರ್ಚಿನ ಹೊರತು ಬೇರೇನೂ ಬೇಕಿಲ್ಲ. ನಿನ್ನೆಯ ಹೂವಿನ ಖರ್ಚಿಗಿಂತ ಅದು ಕಡಿಮೆಯೇ ಆದೀತು. ಹೆಣ್ಣುಮಕ್ಕಳ ಪಾಡಂತೂ ಕೇಳಲೇಬೇಡಿ. ಮಹಿಳೆಯರ ಬ್ಯಾಚು ಹತ್ತು ಗಂಟೆಯ ಮೇಲೆ. ನಮ್ಮ ಗುಂಪಿನಲ್ಲಿ ಚೆನ್ನಾಗಿ ಓಡುವ ಹುಡುಗಿ ಆ ಹೊತ್ತಿಗೆ ಶಾಲೆಯಲ್ಲಿ ಪಾಠ ಮಾಡುತ್ತಿರುತ್ತಾಳೆ.

ಕುಸ್ತಿಯ ಸೀಮೆಯವರಾದ ನಮಗೆ ಇದನ್ನು ಯಾರೂ ಕಲಿಸಿಕೊಡಬೇಕಾಗಿಲ್ಲ. ಹಿಂದೆ ಊರಿಗೊಬ್ಬ ಪೈಲ್ವಾನ ತಯಾರಾಗುತ್ತಿದ್ದಾನೆಂದರೆ ಒಂದು ಮನೆಯ ಹಾಲು, ಇನ್ನೊಂದು ಮನೆಯ ತುಪ್ಪ, ಸಾಹುಕಾರರ ಮನೆಯ ಬದಾಮಿ ಗರಡಿಗೆ ಹೋಗುತ್ತಿದ್ದವು. ಖುರಾಕು ಕೊಡುತ್ತಿದ್ದುದು ಕುಸ್ತಿಗೆ ಮುಂಚೆ, ತಿಂಗಳುಗಟ್ಟಲೆ, ಅವನು ಗೆಲ್ಲುತ್ತಾನೋ ಸೋಲುತ್ತಾನೋ ತಿಳಿಯುವುದಕ್ಕೂ ಮೊದಲು. ಮುಂದೆ ಹಲಗೆ ಬಾರಿಸಿ ಮೆರವಣಿಗೆ ಮಾಡುವ ಹಕ್ಕು ಊರಿಗೆ ಬರುತ್ತಿದ್ದುದು ಅದರಿಂದ. ಈಗ ನಾವು ಮೆರವಣಿಗೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. 2020ರಲ್ಲಿ ಧಾರವಾಡದಲ್ಲಿ ಕುಸ್ತಿ ಹಬ್ಬವಾದಾಗ ಇದೇ ಜನ ಮಣ್ಣು, ಗರಡಿ, ಪರಂಪರೆ ಎಂದು ಗಂಟಲು ಹರಿಯುವಂತೆ ಮಾತನಾಡಿದ್ದರು. ಪರಂಪರೆಯಲ್ಲಿ ಹಾಲು ಕೊಡುವ ಭಾಗ ಮಾತ್ರ ಅವರಿಗೆ ಮರೆತುಹೋಗಿರಬೇಕು.

ಹಾಲಿನ ಮಾತು ಬಂತೆಂದು ಒಂದು ಸಣ್ಣ ವಿಷಯ. ನಾಲ್ಕೈದು ತಾಸು ನಿಲ್ಲದೆ ದುಡಿಯುವ ಮೈಗೆ ತಾಸಿಗೆ 60ರಿಂದ 90 ಗ್ರಾಂ ಕಾರ್ಬೋಹೈಡ್ರೇಟ್ ಬೇಕೆಂದು ತರಬೇತುದಾರರು ಹೇಳುತ್ತಾರೆ. ಪೇಟೆಯಲ್ಲಿ ಸಿಗುವ ಜೆಲ್ ಪೊಟ್ಟಣಗಳ ಬೆಲೆ ಕೇಳಿದರೆ ದಣಿವು ಅಲ್ಲೇ ಶುರುವಾಗುತ್ತದೆ. ನಮ್ಮ ಹುಡುಗರು ಬಾಳೆಹಣ್ಣು ಮತ್ತು ಉಪ್ಪು ಹಾಕಿದ ಬೆಲ್ಲದ ಪಾನಕದಲ್ಲಿ ಸುಧಾರಿಸುತ್ತಾರೆ. ದಯವಿಟ್ಟು ಪ್ರೀತಿಯಿಂದ ಶೇಂಗಾ ಉಂಡೆ ತರಬೇಡಿ. ಎಣ್ಣೆಯ ಅಂಶ ಹೆಚ್ಚಿರುವುದರಿಂದ ಅದು ಓಟದ ನಡುವೆ ಬೇಗ ಕರಗದೆ ಹೊಟ್ಟೆಯಲ್ಲಿ ಭಾರವಾಗಿ ಕೂರುತ್ತದೆ. ಉಂಡೆಗಳನ್ನು ನನಗೆ ಕೊಡಬಹುದು, ನಾನು ಸ್ಕೂಟರ್ ಮೇಲೆ ಕುಳಿತಿರುತ್ತೇನೆ.

ಇನ್ನು ರಸ್ತೆ. ಹುಬ್ಬಳ್ಳಿ-ಧಾರವಾಡದ ನಡುವೆ ಚಿಗರಿ ಬಸ್ಸುಗಳಿಗೆ ಕಂಬಿ ಹಾಕಿದ ಪ್ರತ್ಯೇಕ ದಾರಿಯಿದೆ. ಸೈಕಲ್ಲಿನವನು ಲಾರಿ, ಟಂಟಂ, ಎದುರು ದಿಕ್ಕಿನಿಂದ ನುಗ್ಗುವ ಬೈಕು, ಇವೆಲ್ಲವುಗಳ ನಡುವೆ ತನ್ನ ದಾರಿಯನ್ನು ತಾನೇ ಹುಡುಕಿಕೊಳ್ಳಬೇಕು. ಬೈಪಾಸಿನ ಹೆಸರೆತ್ತಿದರೆ ತಾಯಂದಿರು ಸೈಕಲ್ಲಿಗೆ ಬೀಗ ಹಾಕುತ್ತಾರೆ; ಅಲ್ಲಿ ಸತ್ತವರ ಸುದ್ದಿಯನ್ನು ವರ್ಷವರ್ಷವೂ ಓದಿದ ಮೇಲೆ ಅವರನ್ನು ದೂರುವಂತಿಲ್ಲ. ಹೀಗಾಗಿ ನಾವು ಅಣ್ಣಿಗೇರಿಯ ಮೇಲೆ ಗದಗಿನ ಕಡೆಗೆ ಹೋಗುತ್ತೇವೆ. ಆಷಾಢದಲ್ಲಿ ಆ ಬಯಲಿನಲ್ಲಿ ಬೀಸುವ ಗಾಳಿಗೆ ಗದಗಿನ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಹೋಗುವಾಗ ಬೆನ್ನಿಗಿದ್ದ ಗಾಳಿ ಬರುವಾಗ ಎದೆಗೆ ಬಂದರೆ, ತಾಸಿಗೆ ಮೂವತ್ತರ ಮೇಲೆ ಹಾರಿಹೋದವನು ಹದಿನೆಂಟಕ್ಕೆ ಇಳಿದು ಹಲ್ಲು ಕಚ್ಚಿ ತುಳಿಯಬೇಕಾಗುತ್ತದೆ. ಇಂಥ ತರಬೇತಿ ಬೆಂಗಳೂರಿನವರಿಗೆ ದುಡ್ಡು ಕೊಟ್ಟರೂ ಸಿಗುವುದಿಲ್ಲ. ಆದರೆ ಮಳೆ ಬಿದ್ದ ದಿನ ಟ್ರ್ಯಾಕ್ಟರ್ ಗಾಲಿಗಳಿಂದ ಉದುರಿದ ಎರೆಮಣ್ಣು ಡಾಂಬರಿನ ಮೇಲೆ ಹರಡಿದರೆ, ಸಪೂರ ಟೈರಿನ ಸೈಕಲ್ಲು ತಿರುವಿನಲ್ಲಿ ನಿಲ್ಲುವುದಿಲ್ಲ. ಮುಂದೆ ಹೋದ ನಾನು ಸ್ಕೂಟರ್ ನಿಲ್ಲಿಸಿ, ಸಲಿಕೆಯಿಂದ ಆ ಹೆಂಟೆಗಳನ್ನು ಬದಿಗೆ ಸರಿಸಿ, ಕೈ ಬೀಸಿ ನಿಲ್ಲಬೇಕು.

ಆ ದಾರಿಯಲ್ಲಿ ಭದ್ರಾಪುರದ ಹತ್ತಿರ ಒಂದು ಚಹಾದ ಅಂಗಡಿಯಿದೆ. ಅಂಗಡಿಯ ಅಜ್ಜ ನಮ್ಮನ್ನು ದೂರದಿಂದ ಕಂಡೊಡನೆ ಕೊಡ ಹೊರಗಿಡುತ್ತಾರೆ. ಒಮ್ಮೆ ಒಬ್ಬನ ಮೀನಖಂಡ ಹಿಡಿದುಕೊಂಡು ನೆಲಕ್ಕೆ ಕುಳಿತಾಗ, “ಸರ, ನೀವು ಸರೀರಿ” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿ, ಅವನ ಕಾಲನ್ನು ತಮ್ಮ ತೊಡೆಯ ಮೇಲಿಟ್ಟುಕೊಂಡು ಹಿಮ್ಮಡಿಯಿಂದ ಮೇಲಕ್ಕೆ ತಿಕ್ಕಿ ಎಬ್ಬಿಸಿದರು. ಟ್ರಯಥ್ಲಾನ್ ಎಂದರೇನೆಂದು ಅವರು ಇದುವರೆಗೆ ಕೇಳಿಲ್ಲ, ಚಹಾದ ದುಡ್ಡನ್ನೂ ಸರಿಯಾಗಿ ತೆಗೆದುಕೊಂಡಿಲ್ಲ. ನಿನ್ನೆಯ ವೇದಿಕೆಗೆ ಅವರನ್ನು ಕರೆಯಬೇಕೆಂದು ಯಾರಿಗೂ ಹೊಳೆದಿರಲಿಲ್ಲ.

ಇದು ಉಳ್ಳವರ ಶೋಕಿ, ಲಕ್ಷದ ಸೈಕಲ್ಲಿನವರಿಗೆ ಊರಿನ ಸಹಾಯವೇಕೆ, ಕುಡಿಯುವ ನೀರೇ ದಿನಾ ಬರದ ಊರಿನಲ್ಲಿ ಈಜುಕೊಳದ ಮಾತೇಕೆ ಎಂದು ಕೆಲವರು ಕೇಳುತ್ತಾರೆ. ಲಕ್ಷದ ಸೈಕಲ್ಲುಗಳಿವೆ, ಸುಳ್ಳೇಕೆ ಹೇಳಲಿ. ಆ ಸೈಕಲ್ಲಿನವರು ಗೋವಾಕ್ಕೂ ಹೋಗುತ್ತಾರೆ, ಬೇಕೆಂದರೆ ವಿದೇಶಕ್ಕೂ ಹೋಗುತ್ತಾರೆ, ಅವರಿಗೆ ನಮ್ಮ ಹಗ್ಗವೂ ಬೇಡ ಸಲಿಕೆಯೂ ಬೇಡ. ಬೇಕಾಗಿರುವುದು ಉಳಿದವರಿಗೆ. ಗದಗ, ಬಾಗಲಕೋಟೆ, ವಿಜಯಪುರದ ಒಕ್ಕಲುತನದ ಮನೆಗಳಿಂದ ರಾಷ್ಟ್ರಮಟ್ಟದ ಸೈಕ್ಲಿಸ್ಟ್‌ಗಳು ಬಂದಿದ್ದಾರೆ. 2021ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಸ್ಪರ್ಧೆ ಗದಗಿನಲ್ಲೇ ನಡೆಯಿತು. ಅಂಥ ಕಾಲುಗಳಿಗೆ ಈಜು ಕಲಿಸಿದರೆ ಟ್ರಯಥ್ಲಾನಿಗೆ ಬೇಕಾದುದರಲ್ಲಿ ಬಹುಪಾಲು ಸಿದ್ಧವಾದಂತೆಯೇ. 2000ದ ಸಿಡ್ನಿಯಿಂದ ಇದು ಒಲಿಂಪಿಕ್ಸ್ ಕ್ರೀಡೆ; ಅಲ್ಲಿಯ ದೂರ 1.5, 40 ಮತ್ತು 10 ಕಿಲೋಮೀಟರ್, ಅಂದರೆ ಹದಿನೆಂಟರ ಹುಡುಗರ ಅಳತೆಗೆ ಸರಿಹೊಂದುವಂಥದ್ದು. ನೀರಿನ ಪ್ರಶ್ನೆಯನ್ನಂತೂ ಸನ್ಮಾನದ ಪೆಂಡಾಲ್ ಹಾಕುವಾಗ ಯಾರೂ ಕೇಳಿದ್ದು ನನಗೆ ನೆನಪಿಲ್ಲ.

ನಿಜವಾಗಿ ಕಠಿಣವಾದದ್ದು ತೆರೆದ ನೀರಿನ ಈಜು. ಸಮುದ್ರದಲ್ಲಿ ಕೆಳಗೆ ಗೆರೆಯಿಲ್ಲ, ಹಿಡಿದು ನಿಲ್ಲಲು ಅಂಚಿಲ್ಲ. ಪ್ರತಿ ಹತ್ತಿಪ್ಪತ್ತು ಬೀಸಿಗೊಮ್ಮೆ ತಲೆಯೆತ್ತಿ ದಿಕ್ಕು ನೋಡಿಕೊಳ್ಳದಿದ್ದರೆ ಸುತ್ತುಬಳಸಿ ಅರ್ಧ ಕಿಲೋಮೀಟರ್ ಹೆಚ್ಚು ಈಜಬೇಕಾಗುತ್ತದೆ. ಅದನ್ನು ಕೊಳದಲ್ಲಿ ಕಲಿಯಲಾಗದು. ಹುಬ್ಬಳ್ಳಿಯ ಉಣಕಲ್ ಕೆರೆಯಲ್ಲಿ ಅಂತರಗಂಗೆ ಕಳೆಯನ್ನು ತೆಗೆದಷ್ಟೂ ಮತ್ತೆ ಹಬ್ಬುತ್ತದೆ, ಚರಂಡಿಯ ನೀರು ಬೇರೆ. ಆದ್ದರಿಂದ ಅರಬೈಲ್ ಘಟ್ಟ ಇಳಿದು ಅಂಕೋಲೆ-ಕಾರವಾರದ ಕಡಲಿಗೆ ಹೋಗಬೇಕು. ಕೆರೆಯಲ್ಲಿ ಅನಾಹುತವಾದರೆ ಯಾರು ಹೊಣೆ ಎಂದು ಅಧಿಕಾರಿಗಳು ಕೇಳುವುದು ಸರಿಯಾದ ಪ್ರಶ್ನೆ. ಒಂದು ದೋಣಿ, ಟ್ಯೂಬ್, ಈಜು ಬಲ್ಲ ಇಬ್ಬರು ಕಾವಲಿಗಿದ್ದರೆ ಅದಕ್ಕೆ ಉತ್ತರವೂ ಇದೆ. ಆದರೆ ಪ್ರಶ್ನೆ ಕೇಳಿದವರು ಉತ್ತರ ಬರುವ ಮೊದಲೇ ಕಡತ ಮುಚ್ಚುತ್ತಾರೆ.

ನನ್ನ ವಿಷಯ ಹೇಳಿಬಿಡುತ್ತೇನೆ. ನನಗೆ ಈಜು ಬರುವುದಿಲ್ಲ. ಬಾಲ್ಯದಲ್ಲಿ ಬಾವಿಯಲ್ಲಿ ಕಂಡದ್ದೊಂದು ಇಂದಿಗೂ ಕಣ್ಣಿನಿಂದ ಹೋಗಿಲ್ಲ. ಕಾರವಾರದ ದಂಡೆಯಲ್ಲಿ ಈ ಹುಡುಗರ ಬಣ್ಣದ ಟೋಪಿಗಳನ್ನು ಒಂದೊಂದಾಗಿ ಎಣಿಸುತ್ತ ನಿಂತಾಗ, ಒಂದು ಟೋಪಿ ಅಲೆಯ ಹಿಂದೆ ಮರೆಯಾದರೂ ನನ್ನ ಕೈ ತಣ್ಣಗಾಗುತ್ತದೆ. ಅವರೆಲ್ಲ ದಡಕ್ಕೆ ಬಂದು ನಗುತ್ತ ನಿಂತ ಮೇಲೆ ಸುಮ್ಮಸುಮ್ಮನೆ ಅವರನ್ನು ಬೈಯುತ್ತೇನೆ. ನನ್ನಂಥ ಅಂಜುಬುರುಕನನ್ನು ಕಾವಲಿಗೆ ನಿಲ್ಲಿಸಿಕೊಂಡು ತರಬೇತಿ ಪಡೆಯಬೇಕಾದ ಸ್ಥಿತಿ ಅವರದು.

ಈಜುಕೊಳದ ಸಾಲಿಗಾಗಿ ಹೊಸ ಅರ್ಜಿ ಬರೆದಿದ್ದೇನೆ. ಅದನ್ನು ಕೊಡಲು ಸೋಮವಾರ ಹನ್ನೊಂದಕ್ಕೆ ನಾಲ್ಕಾರು ಜನ ಜೊತೆಗೆ ಬಂದರೆ ಈ ಸಲ ಓದಿಯಾದರೂ ಓದುತ್ತಾರೆ. ಈಜು ಬಲ್ಲವರು, ಅದರಲ್ಲೂ ಜೀವರಕ್ಷಕ ತರಬೇತಿ ಪಡೆದವರು ತಿಂಗಳಿಗೊಂದು ಭಾನುವಾರ ಕಾರವಾರಕ್ಕೆ ಬರಲು ಸಾಧ್ಯವಾದರೆ ನನ್ನನ್ನು ದಂಡೆಯಿಂದ ಬಿಡುಗಡೆ ಮಾಡಿದಂತಾಗುತ್ತದೆ. ಬರುವ ಭಾನುವಾರ ಬೆಳಿಗ್ಗೆ ಐದಕ್ಕೆ ಗದಗಿಗೆ ಹೋಗಿಬರುವ ಸವಾರಿಯಿದೆ. ಹಿಂದಿನಿಂದ ಇಂಡಿಕೇಟರ್ ಹಾಕಿಕೊಂಡು ನಿಧಾನವಾಗಿ ಬರಲು ಒಂದು ಕಾರು ಬೇಕು. ಗಾಡಿ ಕೊಡುವವರು ಶನಿವಾರ ಸಂಜೆಯೊಳಗೆ ಇನ್‌ಬಾಕ್ಸ್‌ಗೆ ಬರೆಯಿರಿ, ಡೀಸೆಲ್ ನನ್ನದು.