ಸ್ಪಷ್ಟನೆ: ‘ಫೈಬರ್‌ಗ್ಲಾಸ್ ಟ್ರೇಲರ್ ಸೋರುವುದೇ ಇಲ್ಲ’ ಎಂಬುದು ಸರಿಯಲ್ಲ

ಬೋಲರ್, ಸ್ಕ್ಯಾಂಪ್‌ನಂಥ ಹಳೆಯ ಫೈಬರ್‌ಗ್ಲಾಸ್ ಟ್ರೇಲರ್ (ಕಾರಿನ ಹಿಂದೆ ಕಟ್ಟಿ ಎಳೆಯುವ, ಒಳಗೆ ತಂಗಬಹುದಾದ ಪುಟ್ಟ ಗಾಡಿ) ಸೋರುವುದಿಲ್ಲ, ಕೊಳ್ಳುವಾಗ ನೆಲ ನೋಡಬೇಕಿಲ್ಲ, ಎಲ್ಲಾದರೂ ತೊಟ್ಟಿಕ್ಕಿದರೆ ಸಿಲಿಕೋನ್ ಅಂಟು ಬಳಿದರೆ ಸಾಕು ಎಂಬ ಸಂದೇಶ ಹರಿದಾಡುತ್ತಿದೆ. ಇದನ್ನು ನಂಬಿ ಕೊಂಡರೆ ನಷ್ಟವಾಗುತ್ತದೆ.

ಚಿಪ್ಪು, ಅಂದರೆ ಫೈಬರ್‌ಗ್ಲಾಸ್ ಹೊರಮೈ, ಗಟ್ಟಿಯಾಗಿದ್ದರೆ ನೀರು ಒಳಗೆ ಬಿಡುವುದಿಲ್ಲ, ಅಷ್ಟು ನಿಜ. ಆದರೆ ಅದರಲ್ಲಿ ಕೊರೆದ ಪ್ರತಿ ತೂತೂ ಸೋರಬಲ್ಲದು: ಕಿಟಕಿ ಚೌಕಟ್ಟು, ಚಾವಣಿಯ ಗಾಳಿಕಿಂಡಿ, ಕಪಾಟು ಹಿಡಿದಿರುವ ರಿವೆಟ್‌ಗಳು. ಎರಡು ಅರೆಚಿಪ್ಪು ಕೂಡುವ ಜಾಗವೂ ಅಷ್ಟೇ. ಇಳಿದ ನೀರು ಮರದ ಹಲಗೆಯ ನೆಲ ಸೇರುತ್ತದೆ. ಮೇಲೆ ಹಾಸು ಚೆನ್ನಾಗಿದ್ದರೂ ಅಡಿಯಲ್ಲಿ ಹಲಗೆ ಕೊಳೆತಿರಬಹುದು. ಬಾಗಿಲ ಬಳಿ, ಹಿಂದಿನ ಆಸನದಡಿಯ ಮೂಲೆಗಳಲ್ಲಿ ಸ್ಕ್ರೂಡ್ರೈವರ್ ತುದಿ ಒತ್ತಿ ನೋಡಿ. ಮೆತ್ತಗೆ ಒಳಹೋದರೆ ಆ ಹಲಗೆ ಬದಲಿಸಬೇಕು. ಟ್ರೇಲರ್ ಕೆಳಗೂ ಮಲಗಿ ನೋಡಿ. ಕೆಲವು ಕಡೆ ಕೊಳೆತ ಅಲ್ಲಿಂದಲೇ ಕಾಣುತ್ತದೆ.

ಸಿಲಿಕೋನ್ ಬೇಡ. ಒಮ್ಮೆ ಬಳಿದ ಮೇಲೆ ಅದರ ಮೇಲೆ ಬಣ್ಣವಾಗಲಿ, ಬೇರೆ ಅಂಟಾಗಲಿ, ಹೊಸ ಸಿಲಿಕೋನ್ ಆಗಲಿ ಸರಿಯಾಗಿ ಹಿಡಿಯುವುದಿಲ್ಲ. ಸರಿಯಾದ ದಾರಿ: ಚೌಕಟ್ಟು ಪೂರ್ತಿ ಬಿಚ್ಚಿ, ಹಳೆಯ ಅಂಟನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಒರೆಸಿ, ಬ್ಯೂಟೈಲ್ ಟೇಪ್ (ಮೆತ್ತನೆಯ, ಅಂಟುವ ರಬ್ಬರ್ ಪಟ್ಟಿ) ಸುತ್ತಲೂ ಕೂರಿಸಿ ಸ್ಕ್ರೂ ಬಿಗಿಯಿರಿ. ಟೇಪ್ ನಿಧಾನವಾಗಿ ಹಿಂಡಿ ಹೊರಬರುತ್ತದೆ, ಹಾಗಾಗಿ ಮರುದಿನ ಇನ್ನೊಮ್ಮೆ ಬಿಗಿಯಬೇಕು. ಈ ಎರಡನೇ ಸುತ್ತು ಬಿಟ್ಟರೆ ಮತ್ತೆ ಸೋರಬಹುದು. ಸಡಿಲ ರಿವೆಟ್‌ಗಳನ್ನು ಕೊರೆದು ತೆಗೆದು ಹೊಸದು ಹಾಕಿ.

ಹಳೆಯ ಸಂದೇಶವನ್ನು ದಯವಿಟ್ಟು ಇನ್ನು ಫಾರ್ವರ್ಡ್ ಮಾಡಬೇಡಿ. ಈಗಾಗಲೇ ಕಳಿಸಿದ್ದರೆ ಅವರಿಗೆ ಇದನ್ನೂ ಕಳಿಸಿ.